ಪ್ರಾರ್ಥನೆಗೆ ಹೊಟ್ಟೆಯೂ ಬೇಕು

ಪ್ರಾರ್ಥನೆ ಅಂದ್ರೆ ಮನಸ್ಸಿನ ಕೆಲಸ, ದೇಹ ಅದಕ್ಕೆ ಅಡ್ಡಿ ಅನ್ನೋ ಮಾತು ಆಗಾಗ ಕಿವಿಗೆ ಬೀಳುತ್ತದೆ. ನನಗೆ ಒಪ್ಪಿಗೆಯಿಲ್ಲ. ಯೇಸು ಸಭೆ (ಜೆಸ್ಯೂಟ್) ಎಂಬ ಕ್ಯಾಥೊಲಿಕ್ ಗುರುಗಳ ಸಂಘ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾ ಅವರನ್ನೇ ನೋಡಿ. 1521ರಲ್ಲಿ ಸ್ಪೇನಿನ ಪಾಂಪ್ಲೋನಾದಲ್ಲಿ ಯುದ್ಧದಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿಯಿತು. ಹಾಸಿಗೆ ಹಿಡಿದವರು ಒಂದು ವಿಷಯ ಗಮನಿಸಿದರು: ಅರಮನೆ, ಕತ್ತಿ, ಕೀರ್ತಿ ಅಂತ ಹಗಲುಗನಸು ಕಂಡರೆ ಆಗ ಖುಷಿ, ಆಮೇಲೆ ಬರೀ ಬೇಸರ, ಸಂತರ ದಾರಿ ನೆನೆದರೆ ಆಮೇಲೂ ನೆಮ್ಮದಿ ಉಳಿಯುತ್ತದೆ. ದೇವರ ಇಚ್ಛೆ ಯಾವುದು ಅಂತ ತಿಳಿಯುವ ಅವರ ಕ್ರಮ ಶುರುವಾಗಿದ್ದೇ ಅಲ್ಲಿ, ಮುರಿದ ಕಾಲಿನ ಪಕ್ಕದಲ್ಲಿ.

ಮುಂದೆ ಸ್ಪೇನಿನದೇ ಮನ್ರೇಸಾ ಊರಲ್ಲಿ ವಿಪರೀತ ಉಪವಾಸ ಮಾಡಿ ಆರೋಗ್ಯ ಕೆಡಿಸಿಕೊಂಡರು. ಅದಕ್ಕೇ ಇರಬೇಕು, 1548ರಲ್ಲಿ, ಆಗ ಸ್ಪೇನಿನಲ್ಲಿ ಡ್ಯೂಕ್ ಆಗಿದ್ದ ಫ್ರಾನ್ಸಿಸ್ ಬೋರ್ಜಾ ಅವರಿಗೆ ಪತ್ರ ಬರೆದು, ಉಪವಾಸ ಕಡಿಮೆ ಮಾಡಿ, ಹೊಟ್ಟೆ ನೋಡಿಕೊಳ್ಳಿ, ದೇಹವೂ ದೇವರದೇ ಅಂತ ಬುದ್ಧಿ ಹೇಳಿದರು.

ಧ್ಯಾನಕ್ಕೂ ಅಷ್ಟೇ. ಮೊಣಕಾಲೂರಿ, ಬೋರಲಾಗಿ, ಅಂಗಾತ ಮಲಗಿ, ಕೂತು, ನಿಂತು, ಹೇಗಾದರೂ ಸರಿ, ಬಯಸಿದ್ದು ಯಾವ ಭಂಗಿಯಲ್ಲಿ ಸಿಗುತ್ತದೋ ಅದರಲ್ಲೇ ಇರಿ, ಸುಮ್ನೆ ಭಂಗಿ ಬದಲಿಸಬೇಡಿ ಅಂದರು. (ಅಂಗಾತ ಮಲಗಿದರೆ ನನಗೆ ನಿದ್ದೆ ಬರುತ್ತದೆ, ಅದು ಬೇರೆ ಮಾತು.) ಚರ್ಚಿನಲ್ಲಿ ಬಲಿಪೂಜೆ (ಮಾಸ್) ನಡೆಯುವಾಗ ಮಂಡಿ ನೋವಿರುವ ಅಜ್ಜಿ ಕೂತೇ ಇದ್ದರೆ ತಿರುಗಿ ತಿರುಗಿ ನೋಡುವವರಿಗೆ ಇದನ್ನು ಯಾರಾದರೂ ಹೇಳಬೇಕು, ಅಲ್ವಾ?