ಮೂರನೆಯ ಬೆಲ್ಲಿಗೆ ಮೊದಲು: ಮಕ್ಕಳನ್ನು ನಾಟಕಕ್ಕೆ ಕರೆದೊಯ್ದು ನಾನು ಕಲಿತದ್ದು

ಹಾನಗಲ್ಲ ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತೇನೆ. ಈವರೆಗೆ ನಾಲ್ಕು ಸಲ ಒಂಬತ್ತನೆಯ ತರಗತಿಯ ಮಕ್ಕಳನ್ನು ನಾಟಕ ನೋಡಲು ಕರೆದುಕೊಂಡು ಹೋಗಿದ್ದೇನೆ. ನಾಲ್ಕರಲ್ಲಿ ಅತಿ ಹೆಚ್ಚು ಸಿದ್ಧತೆ ಮಾಡಿಕೊಂಡದ್ದು ಮೊದಲನೆಯ ಸಲ, ಕೆಲಸ ಕೆಟ್ಟದ್ದೂ ಅದೇ ಸಲ.

ತಾಲ್ಲೂಕು ಕೇಂದ್ರದ ರಂಗಮಂದಿರಕ್ಕೆ ಒಂದು ತಿರುಗಾಟದ ತಂಡ ಬರುವುದಿತ್ತು. ಮಹಾಭಾರತದ ಕಡೆಯ ಭಾಗವನ್ನು ಆಧರಿಸಿದ ನಾಟಕ. ಮಕ್ಕಳಿಗೆ ಏನೂ ತಿಳಿಯದೆ ಹೋದೀತು ಎಂಬ ಭಯದಿಂದ ನಾನು ಮೂರು ಅವಧಿಗಳನ್ನು ತೆಗೆದಿಟ್ಟು ಇಡೀ ಕಥೆಯನ್ನು ಹೇಳಿದೆ; ಪಾತ್ರಗಳ ಪಟ್ಟಿಯನ್ನು ಕರಿಹಲಗೆಯ ಮೇಲೆ ಬರೆಸಿದೆ; ಹದಿನಾಲ್ಕು ಪ್ರಶ್ನೆಗಳ ಒಂದು ಹಾಳೆಯನ್ನು ಝೆರಾಕ್ಸ್ ಮಾಡಿಸಿ ತಲೆಗೊಂದರಂತೆ ಹಂಚಿ, ನಾಟಕ ಮುಗಿದು ಬಸ್ಸು ಹತ್ತುವುದರೊಳಗೆ ಉತ್ತರ ಬರೆದು ಕೊಡಬೇಕು ಎಂದು ಹೇಳಿದೆ. ನಾಟಕದ ಮುಖ್ಯ ಪಾತ್ರ ಯಾವುದು, ನಾಟಕದ ಸಂದೇಶವೇನು ಎಂಬಂಥ ಪ್ರಶ್ನೆಗಳು. ಇಲಾಖೆಗೆ ವರದಿ ಕೊಡಲು ಅನುಕೂಲವಾಗಲಿ ಎಂಬ ಸಣ್ಣ ಸ್ವಾರ್ಥವೂ ಅದರಲ್ಲಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಮೂರನೆಯ ಬೆಲ್ಲು ಆಗಿ ಸಭಾಂಗಣದ ದೀಪ ಆರಿದ ಕೂಡಲೇ ಮಕ್ಕಳು ಕತ್ತಲೆಯಲ್ಲಿ ಹಾಳೆ ಹುಡುಕಲಾರಂಭಿಸಿದರು. ಅವರಿಗೆ ಕಾಣಿಸಲೆಂದು ನನ್ನ ಜೊತೆಗೆ ಬಂದಿದ್ದ ಶಿಕ್ಷಕರೊಬ್ಬರು ಮೊಬೈಲಿನ ಟಾರ್ಚು ಹಿಡಿದರು, ನಾನು ಬೇಡವೆನ್ನಲಿಲ್ಲ. ವೇದಿಕೆಯ ಮೇಲೆ ಏನೋ ನಡೆಯುತ್ತಿತ್ತು. ನಮ್ಮ ಸಾಲುಗಳಲ್ಲಿ ಪಿಸುದನಿಯಲ್ಲಿ ‘ನಾಕನೇದಕ್ಕ ಏನ್ ಬರದಿ?’ ಎಂಬ ವ್ಯವಹಾರ ನಡೆದಿತ್ತು. ನಾಟಕ ಮುಗಿದ ಮೇಲೆ ಧನ್ಯವಾದ ಹೇಳಲು ಹಿಂದೆ ಹೋದಾಗ, ಮುಖದ ಬಣ್ಣವನ್ನು ಎಣ್ಣೆಯಲ್ಲಿ ತೆಗೆಯುತ್ತಿದ್ದ ಹಿರಿಯ ನಟರೊಬ್ಬರು ಬೇಸರವಿಲ್ಲದೆಯೇ ಒಂದು ಮಾತು ಹೇಳಿದರು: ‘ಮಾಸ್ತರ್ರೇ, ಇವತ್ತು ನಮಗೆ ಮಕ್ಕಳ ಮುಖ ಕಾಣಲೇ ಇಲ್ಲ. ಬರೀ ಬೈತಲೆ ಕಂಡವು.’

ಆ ಹಾಳೆಗಳನ್ನು ನಾನು ಮರುದಿನ ತಿದ್ದಿದೆ. ಬಹುಪಾಲು ಉತ್ತರಗಳು ಸರಿಯಾಗಿದ್ದವು. ಎಲ್ಲವೂ ನಾನು ತರಗತಿಯಲ್ಲಿ ಹೇಳಿದ್ದ ಮಾತುಗಳೇ. ರಂಗದ ಮೇಲೆ ನಡೆದದ್ದರ ಒಂದು ಗುರುತೂ ಅವುಗಳಲ್ಲಿ ಇರಲಿಲ್ಲ.

ನಮ್ಮ ಭಾಗದ ಶಿಕ್ಷಕರಿಗೆ ಒಂದು ಅನುಕೂಲವಿದೆ: ನಾಟಕ ನೋಡಲು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಸಂಸ್ಥೆ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ತಿರುಗಾಟವನ್ನೂ ಆರಂಭಿಸಿತು. ಮಳೆಗಾಲದಲ್ಲಿ ತಾಲೀಮು ಮಾಡಿ, ಮಳೆ ಹಿಂದೆಗೆದ ಮೇಲೆ ರಂಗಸಜ್ಜಿಕೆ, ದೀಪ, ಬಟ್ಟೆಬರೆ ಎಲ್ಲವನ್ನೂ ಹೇರಿಕೊಂಡು ಊರಿಂದ ಊರಿಗೆ ಹೋಗುವ ಪದ್ಧತಿ ಅದು. ಹೆಸರೂ ಯಕ್ಷಗಾನ ಮೇಳಗಳ ವರ್ಷದ ತಿರುಗಾಟವನ್ನೇ ನೆನಪಿಸುತ್ತದೆ. ಸಾಣೇಹಳ್ಳಿಯ ಶಿವಸಂಚಾರ 1997ರಿಂದ ಹೀಗೆಯೇ ಸಂಚರಿಸುತ್ತಿದೆ. ಮೈಸೂರಿನಲ್ಲಿ 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಶುರುವಾದ ರಂಗಾಯಣಕ್ಕೆ ಈಗ ಧಾರವಾಡದಲ್ಲೂ ಶಿವಮೊಗ್ಗದಲ್ಲೂ ಕಲಬುರಗಿಯಲ್ಲೂ ಶಾಖೆಗಳಿವೆ. ಇಷ್ಟೇಕೆ, ನಮ್ಮ ತಾಲ್ಲೂಕಿನ ಶೇಷಗಿರಿಯೆಂಬ ಪುಟ್ಟ ಹಳ್ಳಿಯ ಯುವಕ ಮಂಡಳದವರು ತಮ್ಮೂರಿಗೇ ಒಂದು ರಂಗಮಂದಿರ ಆಗುವಂತೆ ನೋಡಿಕೊಂಡಿದ್ದಾರೆ. ನಾಟಕವನ್ನೇ ಕಸುಬಾಗಿಸಿಕೊಂಡು ದಿನವೂ ಅಭ್ಯಾಸ ಮಾಡುವ ನಟರು ವರ್ಷಕ್ಕೊಮ್ಮೆಯಾದರೂ ನಮ್ಮ ಮನೆಬಾಗಿಲಿಗೆ ಬರುತ್ತಾರೆ ಎಂದ ಮೇಲೆ, ಮಕ್ಕಳನ್ನು ಅಲ್ಲಿಗೆ ಮುಟ್ಟಿಸಲಾಗದಿದ್ದರೆ ಅದು ನಮ್ಮ ಸೋಮಾರಿತನವೇ ಹೊರತು ಬೇರೇನೂ ಅಲ್ಲ.

ಮುಟ್ಟಿಸುವುದು ಸುಲಭವೆಂದೂ ಹೇಳಲಾರೆ. ನಮ್ಮ ಕಡೆ ‘ನಾಟಕ’ ಎಂದ ಕೂಡಲೇ ಪಾಲಕರ ಕಣ್ಣ ಮುಂದೆ ಬರುವುದು ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಥೇಟರು ಹಾಕುವ ಕಂಪನಿ ನಾಟಕಗಳು. ವೃತ್ತಿ ರಂಗಭೂಮಿ ಎಂಬ ಹೆಸರು ಕನ್ನಡದಲ್ಲಿ ಸಲ್ಲುವುದೂ ಆ ಕಂಪನಿಗಳಿಗೇ. ಅಲ್ಲಿನ ಹಾರ್ಮೋನಿಯಂ, ಹಾಡುಗಾರಿಕೆ, ಮೈಕಿಲ್ಲದ ಕಾಲದಿಂದ ಉಳಿದು ಬಂದ ಗಂಟಲಿನ ಗತ್ತು ನನಗೆ ಇಂದಿಗೂ ಪ್ರಿಯವೇ; ಆದರೆ ಪೋಸ್ಟರುಗಳಲ್ಲಿ ಕಾಣುವ ಎರಡರ್ಥದ ಹೆಸರುಗಳನ್ನು ನೋಡಿದ ತಾಯಂದಿರು ‘ಹೆಣ್ಣುಡುಗ್ರನ್ನ ಅಲ್ಲಿಗೆ ಕರ್ಕೊಂಡು ಹೊಕ್ಕೀರೇನ್ರೀ ಸರ್?’ ಎಂದು ಕೇಳಿದರೆ ಅವರನ್ನು ದೂರುವಂತಿಲ್ಲ. ಪಾಲಕರೂ ಇರುವ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ನಾನು ಇದನ್ನು ಭಾಷಣದಿಂದ ಗೆಲ್ಲಲು ನೋಡಿ ಸೋತೆ. ಎರಡನೆಯ ವರ್ಷ ಇಬ್ಬರು ತಾಯಂದಿರನ್ನೂ ನಮ್ಮ ಜೊತೆಗೇ ನಾಟಕಕ್ಕೆ ಬರಲು ಕೇಳಿಕೊಂಡೆ. ಅಂದಿನಿಂದ ಒಪ್ಪಿಗೆ ಪತ್ರಕ್ಕಾಗಿ ಯಾರ ಮನೆಗೂ ಎರಡು ಸಲ ಹೋಗಬೇಕಾಗಿ ಬಂದಿಲ್ಲ.

ಹೊತ್ತಿನ ಸಮಸ್ಯೆ ಇದಕ್ಕಿಂತ ಜಟಿಲವಾದದ್ದು. ಸಂಜೆ ಏಳಕ್ಕೆ ಶುರುವಾಗುವ ನಾಟಕ ಒಂಬತ್ತಕ್ಕೆ ಮುಗಿದರೆ, ನಮ್ಮೂರಿನ ಕಡೆಯ ಬಸ್ಸು ಅಷ್ಟರಲ್ಲಿ ಹೋಗಿರುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೋಗುವಾಗ ಹುಡುಗಿಯರಿಗೆ ಸಾರಿಗೆ ಬಸ್ಸಿನಲ್ಲಿ ಟಿಕೆಟ್ಟಿನ ಚಿಂತೆಯಿಲ್ಲ. ಬರುವಾಗ ಮಾತ್ರ ಒಂದು ವಾಹನವನ್ನು ಬಾಡಿಗೆಗೆ ಹಿಡಿಯಲೇಬೇಕು. ಒಂದೆರಡು ಶಾಲೆಗಳು ಸೇರಿ ಮೊದಲೇ ಕೇಳಿಕೊಂಡರೆ ಸಂಘಟಕರು ಮಧ್ಯಾಹ್ನಕ್ಕೇ ಒಂದು ಶಾಲಾ ಪ್ರದರ್ಶನ ಏರ್ಪಡಿಸುವುದುಂಟು. ಆದರೂ ನನಗೆ ಸಂಜೆಯ ಪ್ರದರ್ಶನವೇ ಹಿಡಿಸುತ್ತದೆ. ಮಧ್ಯಾಹ್ನ ಸಭಾಂಗಣದ ತುಂಬ ಮಕ್ಕಳೇ ಇದ್ದರೆ ಅದು ಇನ್ನೊಂದು ಶಾಲೆಯೇ ಆಗಿಬಿಡುತ್ತದೆ. ಸಂಜೆ ಊರಿನ ಜನರ ನಡುವೆ ಕುಳಿತ ಮಗು, ಪಕ್ಕದ ಅಪರಿಚಿತ ಅಜ್ಜ ಎಲ್ಲಿ ನಕ್ಕರು, ಎಲ್ಲಿ ಸುಮ್ಮನಾದರು ಎಂಬುದನ್ನು ನೋಡಿ ನೋಡಿಯೇ ಪ್ರೇಕ್ಷಕನಾಗುತ್ತದೆ.

ತಡವಾಗಿ ಹೋಗುವುದರ ಬಗ್ಗೆ ನನಗೆ ಪಾಠವಾದದ್ದು ಬೆಂಗಳೂರಿನಲ್ಲಿ. ತರಬೇತಿಗೆಂದು ಹೋದಾಗ ಒಂದು ಸಂಜೆ ಜೆ.ಪಿ. ನಗರದ ರಂಗಶಂಕರಕ್ಕೆ ಹೋದೆ. 2004ರಲ್ಲಿ ತೆರೆದ ಆ ರಂಗಮಂದಿರದಲ್ಲಿ ಹೊತ್ತಿಗೆ ಸರಿಯಾಗಿ ನಾಟಕ ಶುರುವಾಗುತ್ತದೆ, ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ ಎಂಬುದು ರಂಗಾಸಕ್ತರಿಗೆಲ್ಲ ಗೊತ್ತಿರುವ ವಿಷಯ. ನನಗೂ ಗೊತ್ತಿತ್ತು, ಆದರೂ ನಾಲ್ಕು ನಿಮಿಷ ತಡ ಮಾಡಿದೆ. ಮುಚ್ಚಿದ ಬಾಗಿಲಿನ ಹೊರಗೆ ಕೈಯಲ್ಲಿ ಟಿಕೆಟ್ಟು ಹಿಡಿದು ನಿಂತಾಗ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಯಿತು. ಈ ಕಥೆಯನ್ನು ಪ್ರತಿವರ್ಷ ಮಕ್ಕಳಿಗೆ ಹೇಳುತ್ತೇನೆ, ಮಾಸ್ತರರು ಹೊರಗೆ ನಿಂತದ್ದನ್ನು ಕೇಳುವುದೆಂದರೆ ಅವರಿಗೆ ಬಲು ಖುಷಿ.

ಎರಡನೆಯ ಸಲ ನಾನು ಕಥೆಯನ್ನು ಹೇಳಲಿಲ್ಲ. ಬದಲಿಗೆ ಸಂಘಟಕರ ಮೂಲಕ ತಂಡದವರನ್ನು ಕೇಳಿ, ಮಕ್ಕಳನ್ನು ಮಧ್ಯಾಹ್ನ ಮೂರೂವರೆಗೇ ರಂಗಮಂದಿರಕ್ಕೆ ಕರೆದುಕೊಂಡು ಹೋದೆ. ಲಾರಿಯಿಂದ ಪೆಟ್ಟಿಗೆಗಳು ಇಳಿಯುತ್ತಿದ್ದವು. ಲುಂಗಿ ಎತ್ತಿಕಟ್ಟಿದ ಒಬ್ಬರು ಏಣಿಯ ಮೇಲೆ ನಿಂತು ದೀಪಗಳನ್ನು ಕಟ್ಟುತ್ತಿದ್ದರು, ಕೆಳಗಿನಿಂದ ಒಬ್ಬ ಹೆಣ್ಣುಮಗಳು ‘ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ’ ಎನ್ನುತ್ತಿದ್ದರು. ಇಬ್ಬರು ಒಂದು ಚೌಕಟ್ಟಿಗೆ ಮೊಳೆ ಹೊಡೆಯುವಾಗ ಒಬ್ಬರ ಬಲಗೈ ಹೆಬ್ಬೆರಳಿಗೆ ಪೆಟ್ಟಾಗಿ ರಕ್ತ ಬಂತು; ಅವರು ಒಂದು ಬಟ್ಟೆಯ ಚೂರು ಸುತ್ತಿಕೊಂಡು ಮತ್ತೆ ಕೆಲಸಕ್ಕೆ ಕುಳಿತರು. ಮಕ್ಕಳು ಇವರೆಲ್ಲ ಕೂಲಿಯವರೆಂದೇ ತಿಳಿದಿದ್ದರು, ನಾನೂ ತಿದ್ದಲು ಹೋಗಲಿಲ್ಲ.

ಐದೂವರೆಗೆ ಹೊರಗೆ ಬಂದು ಎಲ್ಲರೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಇದು ಸಣ್ಣ ವಿಷಯವೆಂದು ಕಾಣಬಹುದು. ಮೊದಲ ವರ್ಷ ಹಸಿದಿದ್ದ ಮಕ್ಕಳು ಐದು ರೂಪಾಯಿಯ ಚಿಪ್ಸ್ ಪ್ಯಾಕೆಟ್ಟುಗಳನ್ನು ಒಳಗೆ ಒಯ್ದಿದ್ದರು. ರಂಗದ ಮೇಲೆ ಮೌನವಿರುವಾಗ ಹದಿನೈದು ಪ್ಯಾಕೆಟ್ಟು ಒಡೆಯುವ ಚರಪರ ಸದ್ದು ಎಷ್ಟು ದೂರ ಹೋಗುತ್ತದೆ ಎಂಬುದನ್ನು ಕೇಳಿದವರೇ ಬಲ್ಲರು. ‘ಒಳಗೆ ತಿನ್ನಬೇಡಿ’ ಎಂದು ಹತ್ತು ಸಲ ಹೇಳುವುದಕ್ಕಿಂತ ಹೊರಗೆ ಒಮ್ಮೆ ಹೊಟ್ಟೆ ತುಂಬಿಸುವುದು ಮೇಲು. ಶೌಚಾಲಯದ ವಿಷಯವೂ ಅಷ್ಟೇ. ಮೊದಲ ಬೆಲ್ಲಿಗೆ ಮೊದಲೇ ಎಲ್ಲರನ್ನೂ ಕಳಿಸಿ ಬಂದರೆ ನಡುವೆ ಏಳುವವರು ಇಬ್ಬರೋ ಮೂವರೋ ಆಗುತ್ತಾರೆ.

ನಾಟಕ ಶುರುವಾಗಿ ಹತ್ತು ನಿಮಿಷವಾಗಿರಬೇಕು. ರಾಜ ಪ್ರವೇಶ ಮಾಡಿದ. ನನ್ನ ಪಕ್ಕದಲ್ಲಿದ್ದ ಹುಡುಗಿ, ತರಗತಿಯಲ್ಲಿ ವರ್ಷವಿಡೀ ಬಾಯಿ ಬಿಡದವಳು, ನನ್ನ ಅಂಗಿಯ ತೋಳನ್ನು ಜಗ್ಗಿದಳು. ‘ಸರ್, ಹೆಬ್ಬಟ್ಟು ನೋಡ್ರೀ.’ ರಾಜ ಬಲಗೈಯನ್ನು ಶಲ್ಯದ ಮಡಿಕೆಯೊಳಗೆ ಇಟ್ಟುಕೊಂಡಿದ್ದ, ರಾಜದಂಡವನ್ನು ಎಡಗೈಯಲ್ಲಿ ಹಿಡಿದಿದ್ದ. ಸಾಲಿನಿಂದ ಸಾಲಿಗೆ ಆ ಸುದ್ದಿ ಹೋದದ್ದು ನನಗೆ ಕತ್ತಲೆಯಲ್ಲೇ ತಿಳಿಯಿತು. ಆ ಕ್ಷಣದಿಂದ ಯಾರೂ ಅವನಿಂದ ಕಣ್ಣು ತೆಗೆಯಲಿಲ್ಲ. ಮಧ್ಯಾಹ್ನ ಮೊಳೆ ಹೊಡೆದ ಮನುಷ್ಯ ಸಂಜೆ ರಾಜನಾಗಿ ನಿಂತಿದ್ದಾನೆ, ಬೆರಳು ಈಗಲೂ ನೋಯುತ್ತಿದೆ, ಆದರೂ ರಾಜನಿಗೆ ನೋವಿಲ್ಲ. ನಟನೆ ಎಂದರೇನು ಎಂದು ನಾನು ಮೂರು ಅವಧಿಗಳಲ್ಲಿ ಹೇಳಲಾಗದೆ ಹೋದದ್ದನ್ನು ಒಂದು ಬಟ್ಟೆಯ ಚೂರು ಹೇಳಿತ್ತು.

ಹಾಗೆಂದು ಆ ಸಂಜೆಯೂ ನಾನು ತಪ್ಪು ಮಾಡದೆ ಇರಲಿಲ್ಲ. ಸತ್ತ ಮಗನ ಮುಂದೆ ತಾಯಿ ಗೋಳಿಡುವ ದೃಶ್ಯದಲ್ಲಿ ಹಿಂದಿನ ಸಾಲಿನ ಹುಡುಗರು ಕಿಸಕ್ಕನೆ ನಕ್ಕರು. ನಾನು ಅರ್ಧ ಎದ್ದು ‘ಏಯ್, ಸುಮ್ನ ಕೂಡ್ರಿ’ ಎಂದು ಗದರಿಸಿದೆ. ನಗೆಗಿಂತ ನನ್ನ ದನಿಯೇ ದೊಡ್ಡದಾಗಿತ್ತು. ಮುಂದಿನ ಸಾಲಿನ ಹಿರಿಯರು ತಿರುಗಿ ನೋಡಿದ್ದು ನನ್ನನ್ನೇ. ಆ ನಟಿಯಾದರೋ ಮಾತು ನಿಲ್ಲಿಸಿ, ಶವದ ಮೇಲಿಂದ ಕಣ್ಣೆತ್ತದೆ, ಬಹಳ ಹೊತ್ತು ಸುಮ್ಮನೆ ಕುಳಿತರು. ನಗು ತಾನೇ ಅಡಗಿತು. ಹದಿನಾಲ್ಕರ ಹುಡುಗರು ದುಃಖವನ್ನು ಅಷ್ಟು ಹತ್ತಿರದಿಂದ ಕಂಡಾಗ ನಗುವುದು ಉಡಾಫೆಯಿಂದಲ್ಲ, ಮುಖ ಎಲ್ಲಿಡಬೇಕೆಂದು ತಿಳಿಯದೆ ನಗುತ್ತಾರೆ. ಇದನ್ನು ನಿಭಾಯಿಸುವುದು ಆ ನಟಿಯ ಕಸುಬಿನೊಳಗೇ ಇತ್ತು, ನನ್ನ ನೆರವು ಬೇಕಾಗಿರಲಿಲ್ಲ. ಅಂದಿನಿಂದ ಜೊತೆಗೆ ಬರುವ ಶಿಕ್ಷಕರು ಸಾಲಿನ ತುದಿಗಳಲ್ಲಿ ಕಾವಲುಗಾರರಂತೆ ಕೂರುವುದಿಲ್ಲ, ಮಕ್ಕಳ ನಡುವೆ ಚದುರಿ ಕೂರುತ್ತಾರೆ. ಮೊಬೈಲನ್ನು ಎಲ್ಲರಿಗಿಂತ ಮೊದಲು ನಾವು ಸ್ವಿಚ್ ಆಫ್ ಮಾಡುತ್ತೇವೆ.

ನಾಟಕದ ನಂತರದ ಚರ್ಚೆಯ ಬಗ್ಗೆಯೂ ಒಂದು ಮಾತು. ಬಸ್ಸಿನಲ್ಲಿ ನಾನು ಏನನ್ನೂ ಕೇಳುವುದಿಲ್ಲ. ಮರುದಿನದ ಕನ್ನಡ ಅವಧಿಯಲ್ಲಿ ಒಂದೇ ಪ್ರಶ್ನೆ ಇಡುತ್ತೇನೆ: ಏನು ಕಂಡಿರಿ? ಅರ್ಥ, ಸಂದೇಶ, ಆಶಯ ಎಂಬ ಪದಗಳನ್ನು ಆ ದಿನ ನಾನಾಗಿ ಬಳಸುವುದಿಲ್ಲ. ಆ ಸಲ ಬಂದ ಮೊದಲ ಉತ್ತರ, ‘ಸರ್, ಅರಮನಿ ಇರ್ಲೇ ಇಲ್ರೀ, ಬರೇ ಒಂದು ಕುರ್ಚಿ ಇತ್ತು’ ಎಂಬುದು. ಇನ್ನೊಬ್ಬ ಎದ್ದು, ಇತ್ತಲ್ಲ, ರಾಜ ತಲೆ ಬಗ್ಗಿಸಿ ಒಳಗೆ ಬಂದನಲ್ಲ, ಅಲ್ಲೊಂದು ಬಾಗಿಲಿತ್ತು ಎಂದ. ಬಾಗಿಲು ಎಲ್ಲಿತ್ತು ಎಂದು ಇಪ್ಪತ್ತು ನಿಮಿಷ ವಾದ ನಡೆಯಿತು. ಕೊನೆಗೆ ಮೇಜು ಬೆಂಚುಗಳನ್ನು ಸರಿಸಿ, ಒಬ್ಬನನ್ನು ರಾಜನಂತೆ ನಡೆಸಿ, ಬಾಗಿಲು ಅವನು ಬಗ್ಗಿದ ಕಡೆಯಲ್ಲೇ ಇತ್ತು ಎಂದು ತೀರ್ಮಾನಿಸಿದರು. ಅದೇ ವಾರ ಪಠ್ಯದಲ್ಲಿದ್ದ ನಾಟಕ ಭಾಗವನ್ನು ಓದಲು ತೆಗೆದಾಗ, ಆವರಣದೊಳಗಿನ ‘ಪ್ರವೇಶಿಸುತ್ತಾನೆ’ ಎಂಬ ಪದವನ್ನು ಹಾರಿಸಿ ಓದಿದ ಹುಡುಗನನ್ನು ತರಗತಿಯೇ ತಡೆಯಿತು. ‘ತಡೀಲೇ, ಅಂವಾ ಇನ್ನೂ ಒಳಗ ಬಂದಿಲ್ಲ.’

ಈ ವರ್ಷದ ಅನುಮತಿ ಪತ್ರ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಯಲ್ಲಿದೆ. ಒಪ್ಪಿಗೆ ಪತ್ರಗಳು 43 ಬಂದಿವೆ, ಇನ್ನು ಐದು ಬರಬೇಕು. ಮಂಡಕ್ಕಿಯ ಅಂಗಡಿಯವರಿಗೆ ಹೇಳಿಟ್ಟಾಗಿದೆ. ಹೆಬ್ಬಟ್ಟನ್ನು ತೋರಿಸಿದ ಹುಡುಗಿ ಈಗ ಪಿಯುಸಿಯಲ್ಲಿದ್ದಾಳೆ. ಮೊನ್ನೆ ಬಸ್ ನಿಲ್ದಾಣದಲ್ಲಿ ಸಿಕ್ಕಾಗ, ಮಧ್ಯಾಹ್ನ ಮೂರೂವರೆಗೇ ಬರಲು ತನಗೂ ಅವಕಾಶವಿದೆಯೇ ಎಂದು ಕೇಳಿದಳು. ಹೂಂ ಎಂದಿದ್ದೇನೆ.