ಇಪ್ಪತ್ತೊಂದು ತೋಪು

25 ಜುಲೈ 2022, ಸೋಮವಾರ, ರಾತ್ರಿ

ಅಮ್ಮ ಈಗಷ್ಟೇ ಟಿವಿ ಆರಿಸಿ ಮಲಗಲು ಹೋದಳು. ಒಂದೇ ದೃಶ್ಯವನ್ನು ಚಾನೆಲ್‌ನವರು ಎಷ್ಟು ಸಲ ತೋರಿಸಿದರೋ ಅಷ್ಟೂ ಸಲ ನೋಡಿದ್ದಾಳೆ. ಹೊಸ ರಾಷ್ಟ್ರಪತಿ ದ್ರೌಪದಿ ಮುರ್ಮು ಸಂಸತ್ತಿನ ಸೆಂಟ್ರಲ್ ಹಾಲಿಗೆ ಬರುವುದು, ಮುಖ್ಯ ನ್ಯಾಯಮೂರ್ತಿ ರಮಣ ಪ್ರಮಾಣ ಬೋಧಿಸುವುದು, ಆಮೇಲೆ ಕೋವಿಂದ್ ತಮ್ಮ ಕುರ್ಚಿ ಬಿಟ್ಟುಕೊಟ್ಟು ಪಕ್ಕದ ಕುರ್ಚಿಗೆ ಸರಿಯುವುದು. ನನ್ನ ಕಣ್ಣು ನೆಟ್ಟಿದ್ದು ಈ ಕುರ್ಚಿ ಬದಲಾವಣೆಯ ಮೇಲೆ. ಐದು ವರ್ಷದ ಅಧಿಕಾರ ಎರಡು ಹೆಜ್ಜೆಯಲ್ಲಿ ಕೈ ಬದಲಾಯಿತು. ನಮ್ಮ ಆಫೀಸಿನಲ್ಲಿ ಒಂದು ಸೀಟಿನ ಚಾರ್ಜ್ ಕೊಡಲು ಹದಿನೈದು ದಿನ ಬೇಕು, ಆಮೇಲೂ ಬೀರುವಿನ ಕೀಲಿ ಸಿಗುವುದಿಲ್ಲ.

ಜುಲೈ 25ರ ಈ ಪದ್ಧತಿ ಶುರುವಾಗಿದ್ದೇ ನಮ್ಮವರು ಎದ್ದು ಹೋದಾಗ. 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾಗಿದ್ದ ಸಾವಳಗಿಯ ಬಿ.ಡಿ. ಜತ್ತಿ ಇದೇ ದಿನ ನೀಲಂ ಸಂಜೀವ ರೆಡ್ಡಿಯವರಿಗೆ ಜಾಗ ಬಿಟ್ಟುಕೊಟ್ಟರು. ಅಲ್ಲಿಂದ ಪ್ರತಿ ಸಲವೂ ಅದೇ ತಾರೀಖು.

ಬೆಳಿಗ್ಗೆ ಆಫೀಸಿನಲ್ಲಿ ಕೆಲಸ ಯಾರು ಮಾಡಿದರು! ಹತ್ತೂಕಾಲಿಗೆ ಎಲ್ಲರ ಕೈಲೂ ಮೊಬೈಲು. 'ನಮ್ ಥರಾನೇ ಗುಮಾಸ್ತೆ ಆಗಿದ್ದೋರು ಕಣ್ರೀ' ಅಂದೆ. ನಿಜ, 1979ರಿಂದ 83ರವರೆಗೆ ಒಡಿಶಾದ ನೀರಾವರಿ ಮತ್ತು ವಿದ್ಯುತ್ ಇಲಾಖೆಯಲ್ಲಿ ಕಿರಿಯ ಸಹಾಯಕಿ. ನಮ್ಮ ಸೂಪರಿಂಟೆಂಡೆಂಟರು, ಅವರ ಬಾಯಿ ನಿಮಗೆ ಗೊತ್ತೇ ಇದೆ, 'ಹಂಗಾದ್ರೆ ನಿಮ್ಗೂ ಚಾನ್ಸ್ ಇದೆ ಬಿಡಿ, ಮೊದ್ಲು ಇನ್‌ವರ್ಡ್ ರಿಜಿಸ್ಟರ್ ಮುಗ್ಸಿ' ಅಂದರು. ಪಕ್ಕದ ಟೇಬಲ್ಲಿನವರು 'ಬರೀ ರಬ್ಬರ್ ಸ್ಟಾಂಪು' ಅಂದಿದ್ದಕ್ಕೆ ನನಗೆ ಯಾಕೋ ರೇಗಿತು. 2017ರಲ್ಲಿ ಜಾರ್ಖಂಡಿನ ರಾಜ್ಯಪಾಲರಾಗಿದ್ದಾಗ, ಆದಿವಾಸಿಗಳ ಜಮೀನಿನ ಕಾಯ್ದೆ ಸಡಿಲಿಸುವ ಎರಡು ಮಸೂದೆಗಳನ್ನು ಸಹಿ ಹಾಕದೆ ವಾಪಸ್ ಕಳಿಸಿದ್ದು ಇದೇ ಹೆಂಗಸು. ಕಳಿಸಿದ್ದು ಅವರದೇ ಪಕ್ಷದ ಸರ್ಕಾರಕ್ಕೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಎಲ್ಲಾ ಕೇಳಿಸಿಕೊಂಡು 'ಟೀಗೆ ಬರ್ತೀರಾ' ಅಂದರು.

ಹಾಗಂತ ನನಗೇನೂ ಪೂರ್ತಿ ಖುಷಿಯಿಲ್ಲ. ಅವರ ಹುಟ್ಟೂರು ಉಪರಬೇಡಾದ ಒಂದು ಭಾಗಕ್ಕೆ, ಡುಂಗುರ್‌ಶಾಹಿ ಅಂತ, ಮೊನ್ನೆ ಮೊನ್ನೆಯವರೆಗೂ ಕರೆಂಟಿರಲಿಲ್ಲವಂತೆ. ಹೋದ ತಿಂಗಳು ಅಭ್ಯರ್ಥಿ ಅಂತ ಹೆಸರು ಬಂದ ಮೇಲೆ ಕಂಬ, ಟ್ರಾನ್ಸ್‌ಫಾರ್ಮರ್ ಹೊತ್ತುಕೊಂಡು ಓಡಿದ್ದಾರೆ. ಇಲ್ಲಿ ಬೆಂಗಳೂರಿನಲ್ಲೋ, ಪರಿಶಿಷ್ಟ ಪಂಗಡದ ಮೀಸಲಾತಿ ಶೇಕಡಾ 7.5ಕ್ಕೆ ಏರಿಸಿ ಅಂತ ವಾಲ್ಮೀಕಿ ಸ್ವಾಮೀಜಿ ಫೆಬ್ರವರಿಯಿಂದ ಫ್ರೀಡಂ ಪಾರ್ಕಿನಲ್ಲಿ ಕೂತೇ ಇದ್ದಾರೆ. ಇವತ್ತು ಲಡ್ಡು ಹಂಚಿದವರು ಹಾಗೇ ಆ ಕಡೆಗೂ ಒಂದು ಹೆಜ್ಜೆ ಹೋಗಿಬರಬಹುದಿತ್ತು.

ಇರಲಿ. ನಾನು ಬರೆಯಲು ಕೂತಿದ್ದು ಅಮ್ಮನ ವಿಷಯ.

ಸಂಜೆ ನಾನು ಬರುವ ಹೊತ್ತಿಗೆ ಅವಳು ಹುರುಳಿಕಾಯಿ ಮೊರದಲ್ಲಿ ಹಾಕಿಕೊಂಡು ಟಿವಿ ಮುಂದೆ ಕೂತಿದ್ದಳು. ನಾರು ತೆಗೆಯುತ್ತಾ, ತಲೆ ಎತ್ತದೆ ಕೇಳಿದಳು: 'ಇವ್ಳಿಗೆ ಗಂಡ ಇಲ್ಲ ಅಲ್ವ?'

ಇಲ್ಲ ಅಂದೆ. ನಾಲ್ಕೈದು ವರ್ಷದ ಒಳಗೆ ಇಬ್ಬರು ಗಂಡುಮಕ್ಕಳು, ಆಮೇಲೆ ಗಂಡ. ಉಳಿದಿರುವುದು ಒಬ್ಬಳೇ ಮಗಳು. ಪಹಾಡ್‌ಪುರದ ಗಂಡನ ಮನೆಯನ್ನು ಶಾಲೆ ಮಾಡಿದ್ದಾರೆ.

ಅಮ್ಮನ ಕೈ ನಿಂತಿತು. 'ಪ್ರತಿಭಾ ಪಾಟೀಲ್ ಆದಾಗ ಯಜಮಾನ್ರು ಜೊತೇಲೇ ಇದ್ರು.'

'ಇಂದಿರಾ ಗಾಂಧಿಗೆ ಇರ್ಲಿಲ್ಲವಲ್ಲಮ್ಮ.'

'ಇಂದಿರಮ್ಮನ ಮಾತು ಬಿಡು. ಅವ್ಳು ನೆಹರೂ ಮಗಳು.'

ಬೆಳಗಿನಿಂದ ಎಲ್ಲ ಚಾನೆಲ್ಲಿನವರೂ ಮೊದಲ ಆದಿವಾಸಿ, ಎರಡನೇ ಮಹಿಳೆ, ಸ್ವಾತಂತ್ರ್ಯ ಬಂದ ಮೇಲೆ ಹುಟ್ಟಿದ ಮೊದಲಿಗರು ಅಂತ ಬಾಯಿ ನೋಯುವಷ್ಟು ಹೇಳಿದ್ದರು. ಅಮ್ಮ ನೋಡಿದ್ದನ್ನು ಒಬ್ಬರೂ ಹೇಳಲಿಲ್ಲ. ಅಪ್ಪ ಹೋದ ಮೇಲೆ ಅಮ್ಮ ಯಾವ ಶುಭಕಾರ್ಯದಲ್ಲೂ ಮುಂದೆ ನಿಂತಿಲ್ಲ. ಯಾರೂ ಬೇಡ ಅಂದಿಲ್ಲ, ಅದೇ ನೋಡಿ ತಮಾಷೆ. ಆರತಿ ತಟ್ಟೆ ಬರುವ ಹೊತ್ತಿಗೆ ಅವಳಿಗೇ ಅಡುಗೆಮನೆಯಲ್ಲಿ ಹಾಲು ಉಕ್ಕುತ್ತದೆ. ಅಣ್ಣನ ಮಗಳು ಪುಟ್ಟಿ ಮದುವೆಯಲ್ಲಿ ಧಾರೆಯ ಹೊತ್ತಿಗೆ ಅಮ್ಮ ಛತ್ರದ ಉಗ್ರಾಣದಲ್ಲಿ ತೆಂಗಿನಕಾಯಿ ಎಣಿಸುತ್ತಿದ್ದಳು. ನಾನೂ ಹೋಗಿ ಕರೆಯಲಿಲ್ಲ, ಬರುವುದಿಲ್ಲ ಅಂತ ಗೊತ್ತಿತ್ತು.

ಈಗ ಗುರುವಾರ ಭೀಮನ ಅಮಾವಾಸ್ಯೆ, ಪುಟ್ಟಿಗೆ ಮೊದಲನೇ ವರ್ಷ. ಅಣ್ಣನ ಮನೆಯಲ್ಲೇ ಪೂಜೆ. ಅಳಿಯನ ಪಾದ ತೊಳೆಯುವುದು, ಕೈಗೆ ಅರಿಶಿನದ ದಾರ, ಹೊಸ್ತಿಲ ಮೇಲೆ ಕಾಸು ಇಟ್ಟ ಕಡುಬನ್ನು ಅವಳ ತಮ್ಮ ಮೊಣಕೈಯಿಂದ ಗುದ್ದಿ ಭಂಡಾರ ಒಡೆಯುವುದು, ಎಲ್ಲಾ ಇದೆ. ಆ ಕಡುಬಿನ ಹದ ಅಮ್ಮನಷ್ಟು ಬಲ್ಲವರು ನಮ್ಮ ಮನೆಯಲ್ಲಿ ಇನ್ಯಾರೂ ಇಲ್ಲ. 'ನಾನು ಮಧ್ಯಾಹ್ನದ ಊಟಕ್ಕೆ ಬರ್ತೀನಿ' ಅಂತ ಅಣ್ಣನಿಗೆ ಆಗಲೇ ಹೇಳಿಬಿಟ್ಟಿದ್ದಾಳೆ. ಬೆಳಿಗ್ಗೆ ದೇವಸ್ಥಾನಕ್ಕಂತೆ.

ನಾನು ಬಿಡಲಿಲ್ಲ. ಟಿವಿ ಕಡೆ ಕೈ ತೋರಿಸಿ, 'ಅಲ್ಲಮ್ಮ, ಆಯಮ್ಮ ದೇಶದ ಎದುರಿಗೇ ನಿಂತವ್ರೆ. ದೇಶಕ್ಕೆ ಏನಾದ್ರೂ ಅಪಶಕುನ ಆಯ್ತಾ? ನೀನು ಮೊಮ್ಮಗಳ ಎದುರಿಗೆ ನಿಂತ್ರೆ ಏನಾಗತ್ತೆ?' ಅಂದೆ.

ಅಷ್ಟು ಹೊತ್ತಿಗೆ ಮತ್ತೆ ಅದೇ ದೃಶ್ಯ, ಹೊರಗೆ ತೋಪು ಹಾರಿಸುತ್ತಿದ್ದರು.

'ಅವಳಿಗೆ ಇಪ್ಪತ್ತೊಂದು ತೋಪು ಹೊಡೀತಾರೆ ಕಣೆ. ಅದಾದ್ಮೇಲೆ ಯಾರು ಅಪಶಕುನ ಅಂತಾರೆ? ನನಗೆ ನಿಮ್ಮಣ್ಣ ಪಟಾಕಿ ಹೊಡೀತಾನಾ?' ಅಂತ ನಕ್ಕು ಹುರುಳಿಕಾಯಿ ಎತ್ತಿಕೊಂಡು ಒಳಗೆ ಹೋದಳು.

ನನಗೆ ಒಂದು ಕ್ಷಣ ನಗು, ಆಮೇಲೆ ಸಿಟ್ಟು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಊಟಕ್ಕೆ ಕೂತಾಗ ಅವಳು ಏನೂ ಆಗದವಳ ಹಾಗೆ, 'ಜೋಹಾರ್ ಅಂದ್ಲಲ್ಲ ಮೊದ್ಲು, ಚೆನ್ನಾಗಿತ್ತು' ಅಂದಳು. ಸಂತಾಲರಲ್ಲಿ ನಮಸ್ಕಾರಕ್ಕೆ ಹಾಗನ್ನುತ್ತಾರೆ ಅಂದೆ. ಮತ್ತೆ, ತನ್ನ ಊರಿನಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗಿ ತಾನೇ ಅಂತ ಹೇಳಿದ್ದನ್ನೂ ಹೇಳಿದೆ. 'ನಿಮ್ಮಜ್ಜ ನನ್ನ ಏಳನೇ ಕ್ಲಾಸಿಗೇ ಬಿಡಿಸ್ಬಿಟ್ರು' ಅಂದು ಇನ್ನೊಂದು ಸೌಟು ಸಾರು ಬಡಿಸಿದಳು.

ನಾಳೆ ಅಣ್ಣನಿಗೆ ಫೋನ್ ಮಾಡಬೇಕು. ಮಾಡಿ ಏನನ್ನಲಿ? ಅಮ್ಮನನ್ನು ಬೆಳಿಗ್ಗೆಯೇ ಕರೆಸಿಕೋ, ಪುಟ್ಟಿಯ ಮೊದಲ ದಾರ ಅಮ್ಮನೇ ಕಟ್ಟಲಿ ಅಂದರೆ ಅಣ್ಣ ಸರಿ ಅಂತಾನೆ, ಅತ್ತಿಗೆಯೂ ಬೇಡ ಅನ್ನಲಿಕ್ಕಿಲ್ಲ. ಆದರೆ ಅವತ್ತು ಪುಟ್ಟಿಯ ಅತ್ತೆ, ಅವರ ನಾದಿನಿ ಎಲ್ಲಾ ಬರುತ್ತಾರಂತೆ. ಪುಟ್ಟಿಯೇ ಅಜ್ಜಿಯನ್ನು ಕರೆದರೆ ಬೇರೆ ಮಾತು, ಅವಳಿಗೆ ವಾಟ್ಸಾಪ್ ಮಾಡೋಣ ಅಂದುಕೊಂಡೆ, ಟೈಪ್ ಮಾಡಿದ್ದನ್ನು ಅಳಿಸಿದೆ.