‘ಇದರಾಗ ನಮ್ಮವರು ಯಾರು?’

ಮನೆಗೆ ಬಂದವರು ಚಹಾದ ಕಪ್ಪು ಹಿಡಿದುಕೊಂಡೇ ಗಾಜಿನ ಪೆಟ್ಟಿಗೆಯ ಮೇಲೆ ಬಾಗುತ್ತಾರೆ. ಒಳಗೆ ಬೀದರ ಕೋಟೆಯ ಕಂದಕ, ಬಿರುಕು ಬಿಟ್ಟ ಬುರುಜು, ಎರಡಿಂಚು ಎತ್ತರದ 38 ಜನ, ಎಲ್ಲರೂ ನಾನು ತಿದ್ದಿ ನಿಲ್ಲಿಸಿದ ಗೊಂಬೆಗಳು. ಒಂದು ನಿಮಿಷ ನೋಡುತ್ತಾರೆ. ಆಮೇಲೆ ಅದೇ ಪ್ರಶ್ನೆ: ‘ಇದರಾಗ ನಮ್ಮವರು ಯಾರು ರೀ?’

ಹೇಳಿ ಹೇಳಿ ಬಾಯಿ ನೋಯುತ್ತಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಪೆಟ್ಟಿಗೆಯೊಳಗಿರುವುದು 1657ರ ಮಾರ್ಚ್ ತಿಂಗಳು. ಬೀದರ ಆಗ ಬಿಜಾಪುರದ ಆದಿಲಶಾಹಿಗಳ ಕೈಯಲ್ಲಿತ್ತು. ಮುತ್ತಿಗೆ ಹಾಕಿದವನು ಔರಂಗಜೇಬ, ಇನ್ನೂ ಬಾದಶಹನಾಗಿರಲಿಲ್ಲ, ದಖನ್ನಿನ ಸುಬೇದಾರನಾಗಿದ್ದ ಶಹಜಾದೆ. ಹುಟ್ಟಿದ್ದು ಗುಜರಾತಿನ ದಾಹೋದದಲ್ಲಿ. ಅವನ ಜೊತೆ ಬಂದ ಸೇನಾಪತಿ ಮೀರ್ ಜುಮ್ಲಾ ಇರಾನಿನವನು. ಕೋಟೆ ಕಾಯುತ್ತಿದ್ದ ಸಿದ್ದಿ ಮರ್ಜಾನ್ ಅಬಿಸೀನಿಯ, ಅಂದರೆ ಈಗಿನ ಇಥಿಯೋಪಿಯ ಮೂಲದವನು. 27 ದಿನ ಆ ಮುದುಕ ಜಗ್ಗಲಿಲ್ಲ. ಕೊನೆಗೆ ಹೊರಗಿನಿಂದ ಹಾರಿಸಿದ ಅಗ್ನಿಬಾಣದ ಕಿಡಿ ಬುರುಜಿನ ಹಿಂದಿದ್ದ ಮದ್ದಿಗೆ ಬಿತ್ತು. ಮೈಯೆಲ್ಲ ಸುಟ್ಟ ಮರ್ಜಾನ್ ಸಾಯುವ ಮುಂಚೆ ಮಕ್ಕಳ ಕೈಯಲ್ಲಿ ಕೋಟೆಯ ಕೀಲಿ ಕಳಿಸಿದ. ಹೇಳಿ, ಇವರಲ್ಲಿ ಯಾರನ್ನು ನಿಮ್ಮವರೆಂದು ತೋರಿಸಲಿ?

ಎರಡು ವರ್ಷದ ಹಿಂದೆ ಒಂದು ಶಾಲೆಯ ವಸ್ತುಪ್ರದರ್ಶನಕ್ಕೆ ಇದನ್ನು ಒಯ್ದಿದ್ದೆ. ಮಕ್ಕಳಿಗೆ ಹತ್ತಿರದಿಂದ ಕಾಣಲಿ ಎಂದು ಗಾಜು ತೆಗೆದಿಟ್ಟದ್ದು ನನ್ನ ತಪ್ಪು. ಹಿರಿಯರೊಬ್ಬರು ಬಂದು ಒಬ್ಬ ಸಿಪಾಯಿಯ ತಲೆಯ ಮೇಲೆ ಬೆರಳಿಟ್ಟು, ‘ಇಂವಾ ನಮ್ಮಂವಾ ಏನು ಅವರಂವಾ?’ ಎಂದರು. ‘ಮೊಗಲರ ಕಡೆಯ ರಜಪೂತ’ ಅಂದೆ. ಬೆರಳು ಹಿಂದೆ ಸರಿಯಿತು, ಅದರ ಜೊತೆಗೆ ಸಿಪಾಯಿಯ ಬಂದೂಕಿನ ನಳಿಕೆಯೂ ಮುರಿದು ಬಂತು. ‘ಹಂಗಾದ್ರ ಇಂವಾ ಆ ಕಡೆ ಯಾಕ ನಿಂತಾನ?’ ಎಂದು ನನ್ನನ್ನೇ ಗದರಿಸಿದರು, ನಾನೇ ಅವನನ್ನು ಆ ಕಡೆ ಕಳಿಸಿದ ಹಾಗೆ.

ಆ ಸಿಪಾಯಿಯ ಎಡ ಕಂಕುಳ ಕೆಳಗೆ ಒಂದು ಗಂಟಿದೆ. ಆ ಕಾಲದಲ್ಲಿ ಜಾಮಾ ಎಂಬ ನೆರಿಗೆಯ ನಿಲುವಂಗಿಯ ಕಸೆಯನ್ನು ಮುಸಲ್ಮಾನರು ಬಲಕ್ಕೆ, ಹಿಂದೂಗಳು ಎಡಕ್ಕೆ ಕಟ್ಟುತ್ತಿದ್ದರು. ನನ್ನ ಅಳತೆಯಲ್ಲಿ ಆ ಗಂಟು ಎರಡು ಮಿಲಿಮೀಟರ್. ಗೊಂಬೆ ತಿದ್ದುವ ಮೆತ್ತನೆಯ ಪುಟ್ಟಿಯನ್ನು ಎಳೆಯಾಗಿ ಹೊಸೆದು, ಸೂಜಿಮೊನೆಯಿಂದ ಕೂರಿಸಿ, ಭೂತಗನ್ನಡಿಯಲ್ಲಿ ನೋಡುತ್ತ ಬಣ್ಣ ಹಚ್ಚಬೇಕು. ಮೊಗಲರ ಒಂದೇ ಸಾಲಿನಲ್ಲಿ ಎಡದ ಗಂಟೂ ಇವೆ, ಬಲದ ಗಂಟೂ ಇವೆ. ಕಣ್ಣಿಟ್ಟು ನೋಡಿದವರಿಗೆ ಉತ್ತರ ಅಲ್ಲಿಯೇ ಇದೆ. ಆದರೆ ಯಾರೂ ಅಷ್ಟು ಹೊತ್ತು ನಿಲ್ಲುವುದಿಲ್ಲ.

ನಿಂತವರು ಕೇಳಲಿ ಎಂದು ನಾನು ಕಾಯುವ ಪ್ರಶ್ನೆ ಬೇರೆಯೇ ಇದೆ: ಇವನು ಮೊದಲು ಯಾರಾಗಿದ್ದ?

ಬೀದರ ಮುತ್ತಿಗೆಯ ಗೊಂಬೆಗಳು ನನಗೆ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ನೆಪೋಲಿಯನ್ ಕಾಲದ ಫ್ರೆಂಚ್ ಪದಾತಿಗಳ ಪೊಟ್ಟಣ ತರಿಸಿದೆ. ಮೊದಲು ಬ್ಲೇಡಿನಿಂದ ಎತ್ತರದ ಟೋಪಿ ಕತ್ತರಿಸಿ ಪಾಗು ಸುತ್ತುತ್ತೇನೆ. ಕೋಟಿನ ಬಾಲ ಕೆರೆದು, ಸೊಂಟದಿಂದ ಕೆಳಗೆ ಪುಟ್ಟಿಯಲ್ಲಿ ಜಾಮಾದ ನೆರಿಗೆ ಬಿಡಿಸುತ್ತೇನೆ. ಪುಟ್ಟಿ ಬಿರುಸಾಗುವುದರೊಳಗೆ ಮಡಿಕೆಗಳು ಬೀಳಬೇಕು, ತಡವಾದರೆ ಬಟ್ಟೆ ತಗಡಿನಂತೆ ಕಾಣುತ್ತದೆ. ಬಂದೂಕಿನದು ಎಲ್ಲಕ್ಕಿಂತ ಕಷ್ಟ. ಫ್ರೆಂಚರದು ಚಕಮಕಿ ಕಲ್ಲಿನ ಬಂದೂಕು, ನಮ್ಮ ಸಿಪಾಯಿಯದು ಉರಿಯುವ ಬತ್ತಿಯದು. ಆ ಕಲ್ಲನ್ನು ಕಚ್ಚಿ ಹಿಡಿಯುವ ‘ಕುದುರೆ’ ಎಂಬ ಕೊಕ್ಕೆಯನ್ನು ಅರದಿಂದ ಉಜ್ಜಿ ತೆಗೆದು, ಹಿಡಿಯನ್ನು ಸಪೂರ ಮಾಡಿ, ತಾಮ್ರದ ತಂತಿಯಿಂದ ನಳಿಕೆ ಉದ್ದ ಮಾಡಿ, ಹೊಲಿಗೆ ದಾರದ ಬತ್ತಿ ಸುತ್ತುತ್ತೇನೆ. ಇಷ್ಟು ಮಾಡದೆ ಹಾಗೆಯೇ ನಿಲ್ಲಿಸಿದರೂ ಹತ್ತರಲ್ಲಿ ಒಂಬತ್ತು ಜನಕ್ಕೆ ಗೊತ್ತಾಗುವುದಿಲ್ಲ. ನನಗೆ ಗೊತ್ತಾಗುತ್ತದೆ, ಅಷ್ಟು ಸಾಕು.

ಮಣ್ಣು ಮಾತ್ರ ಬಣ್ಣ ಹಚ್ಚಿದ್ದಲ್ಲ. ಬೀದರದ ಕಂದಕವನ್ನು ಯಾರೂ ಕಟ್ಟಲಿಲ್ಲ, ಜಂಬಿಟ್ಟಿಗೆ ಬಂಡೆಯನ್ನೇ ಕಡಿದು ಮೂರು ಸಾಲು ಇಳಿಸಿದರು, ನಡುವಿನ ಎರಡು ಗೋಡೆಗಳೂ ಕಡಿಯದೆ ಬಿಟ್ಟ ಬಂಡೆಯೇ. ಆ ಕೆಂಪು ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ. ನಮ್ಮ ಓಣಿಯಲ್ಲಿ ಮನೆಯ ಪಾಯ ತೆಗೆದಾಗ ಒಂದು ಬೊಗಸೆ ಮಣ್ಣು ತಂದು, ಕುಟ್ಟಿ, ಚಹಾ ಸೋಸುವ ಜಾಲರಿಯಲ್ಲಿ ಮೂರು ಸಲ ಜರಡಿ ಹಿಡಿದೆ.

ಪೆಟ್ಟಿಗೆಯ ಮುಂದಿನ ಮೂಲೆಯಲ್ಲಿ ಒಬ್ಬನಿದ್ದಾನೆ, ಅವನ ಬಗ್ಗೆ ಇದುವರೆಗೆ ಯಾರೂ ಕೇಳಿಲ್ಲ. ಫ್ರೆಂಚ್ ನಗಾರಿಯವನನ್ನು ತಿದ್ದಿ ಮಾಡಿದವನು. ನಗಾರಿ ಕಿತ್ತು, ಕೋಲು ಹಿಡಿದಿದ್ದ ಎರಡೂ ಕೈಗಳನ್ನು ಭುಜದಲ್ಲಿ ಕತ್ತರಿಸಿ, ತಂತಿ ತೂರಿಸಿ ಮೇಲಕ್ಕೆತ್ತಿದೆ. ಈಗ ತಲೆಯ ಮೇಲೆ ಬುಟ್ಟಿ ಹೊತ್ತಿದ್ದಾನೆ, ತೋಪುಗಳು ದಾಟಲೆಂದು ಕಂದಕ ತುಂಬಲು ಹೊರಟಿದ್ದಾನೆ. ಸೊಂಟಕ್ಕೆ ಒಂದು ತುಂಡು ಬಟ್ಟೆ ಅಷ್ಟೇ. ಜಾಮಾ ಇಲ್ಲ, ಹಾಗಾಗಿ ಎಡಕ್ಕಾಗಲಿ ಬಲಕ್ಕಾಗಲಿ ಗಂಟೂ ಇಲ್ಲ. ಬುಟ್ಟಿಯನ್ನು ದಾರದಲ್ಲಿ ಹೆಣೆಯಲು ನಾಲ್ಕು ಸಂಜೆ ಹಿಡಿಯಿತು. ಅದರ ತುಂಬ ನಮ್ಮ ಓಣಿಯ ಮಣ್ಣಿದೆ.